ಮುಹೂರ್ತಕ್ಕೆ ಮುಂಚೆ ಬಿದ್ದ ಅಕ್ಷತೆ

ನಲವತ್ತಾರನೇ ವಯಸ್ಸಿನಲ್ಲಿ ನನಗೆ ಎರಡು ಹುಚ್ಚು ಒಟ್ಟಿಗೆ ಹಿಡಿದವು. ಮೊದಲನೆಯದು ಸೆಲ್ಲೊ. ಎರಡನೆಯದನ್ನು ಈಗಲೇ ಹೇಳಿಬಿಟ್ಟರೆ ನೀವು ಸೆಲ್ಲೊ ವಿಷಯ ಓದುವುದಿಲ್ಲ, ಆದ್ದರಿಂದ ಸ್ವಲ್ಪ ತಡೆದುಕೊಳ್ಳಿ.

ಸೆಲ್ಲೊ ಎಂದರೆ ಪಿಟೀಲಿನ ದೊಡ್ಡಕ್ಕ. ಕುರ್ಚಿಯ ಮೇಲೆ ಕೂತು, ಅದನ್ನು ಎರಡು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಬಿಲ್ಲಿನಿಂದ ಅಡ್ಡಡ್ಡ ಎಳೆಯಬೇಕು. ದನಿ ಗಂಡಸಿನದೋ ಹೆಂಗಸಿನದೋ ಎಂದು ಹೇಳಲಾಗದು. ತೀರಾ ಹತ್ತಿರದವರು ಯಾರೋ ಪಕ್ಕದ ಕೋಣೆಯಲ್ಲಿ ಮಾತಾಡುತ್ತಿರುವಂತೆ ಕೇಳುತ್ತದೆ. ಬೆಂಗಳೂರಿನ ಒಂದು ಶಾಲೆಯವರು ಬೇಡವೆಂದು ಮೂಲೆಗಿಟ್ಟಿದ್ದ ವಾದ್ಯವನ್ನು ನಾನು ಸರ್ಕಾರಿ ಬಸ್ಸಿನಲ್ಲಿ ತುಮಕೂರಿಗೆ ತಂದೆ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಿನ ಮಾತು ಇದು. ಕಂಡಕ್ಟರು ನನ್ನ ಆಧಾರ್ ಕಾರ್ಡು ನೋಡಿದರು, ಪಕ್ಕದ ಸೀಟಿನಲ್ಲಿ ಸೊಂಟ ತೋರಿಸಿಕೊಂಡು ಒರಗಿದ್ದ ಕಪ್ಪು ಪೆಟ್ಟಿಗೆಯನ್ನು ನೋಡಿದರು, ಮುಖ ಒಂದಿಷ್ಟೂ ಸಡಿಲಿಸದೆ ಕೇಳಿದರು.

"ಇವ್ರದ್ದು ಆಧಾರ್ ಐತಾ ಮೇಡಂ?"

"ಮನೇಲೇ ಮರ್ತು ಬಂದವ್ರೆ" ಎಂದೆ. ದಾಬಸ್‌ಪೇಟೆಯ ತನಕ ಹಿಂದಿನ ಸೀಟಿನವರೆಲ್ಲ ನಗುತ್ತಲೇ ಇದ್ದರು. ಕೊನೆಗೆ ಕಂಡಕ್ಟರು ಲಗೇಜಿನ ಟಿಕೆಟ್ ಹರಿದು ಪೆಟ್ಟಿಗೆಯ ಹಿಡಿಗೆ ಸಿಕ್ಕಿಸಿಬಿಟ್ಟರು. ಅದು ಇವತ್ತಿಗೂ ಅಲ್ಲೇ ಇದೆ.

ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಇರುವುದು ನಾನು ಮತ್ತು ಅತ್ತೆ. ಅತ್ತೆ ಎಂದರೆ ಅಪ್ಪನ ತಂಗಿ. ಇಪ್ಪತ್ತಮೂರಕ್ಕೆ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ವಾಪಸು ಬಂದವಳು, ನನಗೆ ನಾಲ್ಕು ವರ್ಷವಿದ್ದಾಗ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು, ಈಗ ಎಪ್ಪತ್ತನಾಲ್ಕರಲ್ಲೂ ನನ್ನ ಟಿಫನ್ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಒತ್ತಿ ನೋಡುವವಳು. ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಊರಿನ ಅರ್ಧ ಮಕ್ಕಳು ನನಗೆ ಹೆದರುತ್ತಾರೆ, ನಾನು ಅತ್ತೆಗೆ ಹೆದರುತ್ತೇನೆ.

ಪೆಟ್ಟಿಗೆ ತೆರೆದಾಗ ಅತ್ತೆ ಸೊಂಟದ ಮೇಲೆ ಕೈಯಿಟ್ಟು ಒಂದು ಸುತ್ತು ಬಂದಳು. "ಇದೇನೇ, ಯಾರೋ ಮುಸುಕು ಹಾಕ್ಕೊಂಡು ಮಲಗಿದ್ದಂಗೆ ಐತೆ" ಎಂದಳು. ನಾನು ಕೂತು ಬಿಲ್ಲು ಎಳೆಯತೊಡಗಿದರೆ ಸೆಲ್ಲೊವನ್ನು ನೆಲಕ್ಕೆ ಊರುವ ಕಬ್ಬಿಣದ ಮೊಳೆ ಗ್ರಾನೈಟ್ ನೆಲದ ಮೇಲೆ ಜರ್ರೆಂದು ಜಾರಿತು. ಮ್ಯಾಟು ಹಾಕಿದೆ, ಹವಾಯಿ ಚಪ್ಪಲಿ ಇಟ್ಟೆ, ಯಾವುದಕ್ಕೂ ನಿಲ್ಲಲಿಲ್ಲ. ಅತ್ತೆ ಹಿತ್ತಲಿಗೆ ಹೋಗಿ ಒಂದು ತೆಂಗಿನಕಾಯಿ ಸಿಪ್ಪೆ ತಂದು ಮೊಳೆಯ ಕೆಳಗಿಟ್ಟಳು. ಮೊಳೆ ನಾರಿನಲ್ಲಿ ಕಚ್ಚಿಕೊಂಡು ಕೂತಿತು. ಯುರೋಪಿನವರು ಈ ಸಮಸ್ಯೆಗೆ ಏನೇನೋ ಕಂಡುಹಿಡಿದಿದ್ದಾರಂತೆ. ನಮ್ಮ ಮನೆಯಲ್ಲಿ ಅದು ಎರಡು ನಿಮಿಷದ ಕೆಲಸವಾಯಿತು.

ಕಲಿಸಿದವರು ಕ್ಯಾತ್ಸಂದ್ರದಲ್ಲಿ ಒಂದು ತಟ್ಟೆ ಇಡ್ಲಿ ಹೋಟೆಲಿನ ಮಹಡಿಯಲ್ಲಿದ್ದ, ಎಪ್ಪತ್ತು ದಾಟಿದ ಮೇಷ್ಟ್ರು. ಮದರಾಸಿನ ಸಿನಿಮಾ ರೆಕಾರ್ಡಿಂಗ್‌ಗಳಲ್ಲಿ ಮೂವತ್ತು ವರ್ಷ ಸೆಲ್ಲೊ ನುಡಿಸಿ ಊರಿಗೆ ಬಂದವರು. ಸಿನಿಮಾ ಎಂದರೆ ಮೂಗು ಮುರಿಯುತ್ತಿದ್ದರು.

"ತಾಯಿ ಸತ್ರೆ ಸೆಲ್ಲೊ, ಮಗಳು ಓಡೋದ್ರೆ ಸೆಲ್ಲೊ, ನಾಯಿ ಕಳ್ದೋದ್ರೂ ಸೆಲ್ಲೊ. ಊರೋರ ಕಣ್ಣೀರೆಲ್ಲ ನನ್ ಕೈಲೇ ಸುರಿಸಿದ್ರು ಕಣಮ್ಮ. ಸಾಕಾಗೋಯ್ತು. ಈಗ ಹದಿನೆಂಟನೇ ಶತಮಾನದ್ದು ಬಿಟ್ರೆ ಬೇರೇದು ಮುಟ್ಟಲ್ಲ. ಆ ಕಾಲದೋರು ಅತ್ರೂ ನೆಟ್ಟಗೆ ಕೂತ್ಕೊಂಡು ಅಳ್ತಾರೆ."

ಪ್ರತಿ ಭಾನುವಾರ ಬೆಳಿಗ್ಗೆ, ಕೆಳಗಿನಿಂದ ಇಡ್ಲಿಯ ಹಬೆ ಮತ್ತು ಬೆಣ್ಣೆಯ ವಾಸನೆ ಮೇಲೆ ಬರುತ್ತಿದ್ದ ಹಾಗೆ, ನಾವು ಏಳು ಜನ ಅವರ ಹಜಾರದಲ್ಲಿ ಕೂರುತ್ತಿದ್ದೆವು. ನಾಲ್ಕು ಪಿಟೀಲು, ಒಂದು ಕೊಳಲು, ಇಲ್ಲದ ವಾದ್ಯಗಳನ್ನೆಲ್ಲ ತುಂಬಿಕೊಡುವ ಒಂದು ಕೀಬೋರ್ಡು, ಮತ್ತು ನಾನು. ಅಷ್ಟನ್ನೇ ಮೇಷ್ಟ್ರು 'ಆರ್ಕೆಸ್ಟ್ರಾ' ಎಂದು ಕರೆಯುತ್ತಿದ್ದರು. ಯಾರೂ ನಗುತ್ತಿರಲಿಲ್ಲ.

ಅವರಿಂದ ನಾನು ಕಲಿತದ್ದು ಇದು. ಆ ಶತಮಾನದ ಮೊದಲ ಭಾಗದಲ್ಲಿ ಒಂದು ತುಣುಕಿಗೆ ಒಂದೇ ಭಾವ. ದುಃಖವೆಂದು ಶುರುವಾದರೆ ಕೊನೆಯ ತನಕ ದುಃಖ, ಸಂಭ್ರಮವೆಂದರೆ ಸಂಭ್ರಮ. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಅವರಿಗೆ ಧೈರ್ಯ ಬಂತು. ಒಂದೇ ತುಣುಕಿನೊಳಗೆ ನಗು, ಮುನಿಸು, ಬೇಡಿಕೆ, ಬಿಕ್ಕು ಎಲ್ಲ ಬರತೊಡಗಿದವು, ಮಾತಿನ ಮಧ್ಯೆ ಥಟ್ಟನೆ ಮೌನವೂ ಬಂತು. ನಮ್ಮ ಬೀದಿಯ ಹೆಂಗಸರು ತವರಿಗೆ ಮಾಡುವ ಒಂದೇ ಫೋನ್ ಕಾಲಿನಲ್ಲಿ ಇಷ್ಟೆಲ್ಲ ಮುಗಿಸುತ್ತಾರೆ, ಪಾಪ ಅವರಿಗೆ ಐವತ್ತು ವರ್ಷ ಹಿಡಿಯಿತು ಎಂದು ನನಗೆ ಅನ್ನಿಸಿತು. ಇನ್ನೊಂದು ವಿಷಯ ಕೇಳಿ ನಾನು ಹಿಗ್ಗಿಹೋದೆ. ಬಹಳ ಕಾಲ ಸೆಲ್ಲೊಗೆ ಬೇರೆಯವರು ಹಾಡುವಾಗ ಕೆಳಗಿನ ದನಿ ಹಿಡಿದುಕೊಂಡು ಇರುವುದಷ್ಟೇ ಹೆಚ್ಚಿನ ಕೆಲಸವಂತೆ. ಇದೂ ಮುಂದೆ ಕೂತು ಹಾಡಬಲ್ಲದು ಎಂದು ಜನಕ್ಕೆ ನಿಜವಾಗಿ ಗೊತ್ತಾದದ್ದು ಆ ಶತಮಾನದಲ್ಲೇ ಅಂತೆ. ನಲವತ್ತಾರು ವರ್ಷ ಬೇರೆಯವರ ಮದುವೆ, ಬೇರೆಯವರ ಬಾಣಂತನ, ಬೇರೆಯವರ ಗೃಹಪ್ರವೇಶಗಳಿಗೆ ಸೀರೆ ಉಟ್ಟು ಹೋಗಿ ಬಂದಿದ್ದ ನನಗೆ ಅದು ನನ್ನ ಬಗ್ಗೆಯೇ ಹೇಳಿದ ಮಾತಿನಂತೆ ಕೇಳಿಸಿತು.

ಆದರೆ ನನ್ನ ಸೆಲ್ಲೊ ಹಾಡುತ್ತಿರಲಿಲ್ಲ. ಸ್ವರ ಸರಿಯಾಗಿರುತ್ತಿತ್ತು, ಕಾಲ ಸರಿಯಾಗಿರುತ್ತಿತ್ತು, ಅಷ್ಟೇ. ಆ ಕಾಲದ ಸಂಗೀತದಲ್ಲಿ ನಿಟ್ಟುಸಿರಿನ ಒಂದು ಸಣ್ಣ ತಿರುವು ಮತ್ತೆ ಮತ್ತೆ ಬರುತ್ತದೆ. ಎರಡೇ ಸ್ವರ. ಮೊದಲನೆಯದನ್ನು ಒತ್ತಿ ಹಿಡಿಯಬೇಕು, ಎರಡನೆಯದನ್ನು ಹಗುರಾಗಿ ಕೆಳಗೆ ಬಿಡಬೇಕು. ನಾನು ಎರಡನ್ನೂ ಸಮವಾಗಿ ತೂಗಿ ಇಡುತ್ತಿದ್ದೆ.

"ಏನಮ್ಮ, ನೀನು ನಿಟ್ಟುಸಿರು ಬಿಡ್ತಿಲ್ಲ, ಲ್ಯಾಬಲ್ಲಿ ಹನಿ ಎಣಿಸ್ತಿದೀಯ" ಎಂದರು ಮೇಷ್ಟ್ರು. "ಅಯ್ಯೋ ಅನ್ನು ನೋಡೋಣ."

"ಅಯ್ಯೋ" ಎಂದೆ.

"ಹಂಗಲ್ಲ. ಅಯ್ ಅನ್ನೋದರ ಮೇಲೆ ಭಾರ ಹಾಕು. ಯೋ ಅನ್ನೋದು ತಾನೇ ಬೀಳ್ತದೆ. ಹಾಲು ಕೊಡೋಳು ಬರ್ಲಿಲ್ಲ ಅಂತ ನಿಮ್ಮತ್ತೆ ಹೆಂಗೆ ಅಂತಾರೆ, ಹಂಗೆ."

ಮನೆಗೆ ಬಂದು ಅತ್ತೆಯ ಹಿಂದೆ ಹಿಂದೆ ತಿರುಗಿ ಅವಳ ಅಯ್ಯೋಗಳನ್ನು ಕೇಳಿಸಿಕೊಂಡೆ. ದಿನಕ್ಕೆ ನಲವತ್ತಕ್ಕೆ ಕಡಿಮೆ ಇಲ್ಲ. ಒಂದರಂತೆ ಇನ್ನೊಂದಿಲ್ಲ.

ಅತ್ತೆಗೆ ಸಂಗೀತ ಗೊತ್ತಿಲ್ಲ. ಆದರೆ ನಾನು ದಿನಾ ಸಂಜೆ ಎರಡು ಗಂಟೆ ಅದನ್ನೇ ಉಜ್ಜುತ್ತಿದ್ದರೆ ಗೋಡೆಗೂ ಬಾಯಿಪಾಠವಾಗುತ್ತದೆ. ಅಡುಗೆಮನೆಯಿಂದ "ಮೂರ್ನೇ ಸಾಲಲ್ಲಿ ಎಡವ್ತೀಯ ನೋಡು" ಎಂದು ಮುಂಚೆಯೇ ಕೂಗುತ್ತಿದ್ದಳು, ನಾನು ಸರಿಯಾಗಿ ಅಲ್ಲೇ ಎಡವುತ್ತಿದ್ದೆ. ನಮ್ಮ ವೇಗದ ತುಣುಕಿನಲ್ಲಿ ಒಂದು ಜಾಗವಿದೆ. ಸೆಲ್ಲೊದ ಕೆಳಗಿನ ತಂತಿಯಲ್ಲಿ ಒಂದೇ ಸ್ವರ ಗುಡುಗುಡು ಎಂದು ಸಣ್ಣಗೆ ಶುರುವಾಗಿ, ಪಿಟೀಲುಗಳು ಒಂದೊಂದಾಗಿ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಏರಿ, ಇಡೀ ವಾದ್ಯವೃಂದ ಒಮ್ಮೆಗೇ ಬಾಯ್ದೆರೆಯುತ್ತದೆ. ಆಮೇಲೆ ಥಟ್ಟನೆ ಎಲ್ಲ ನಿಂತು ಒಂದು ಗಳಿಗೆ ಮೌನ. ಆ ಶತಮಾನದಲ್ಲಿ ಜರ್ಮನಿ ಕಡೆಯ ಒಂದು ಆಸ್ಥಾನದ ವಾದ್ಯದವರು ಇದಕ್ಕೇ ಹೆಸರುವಾಸಿಯಾಗಿದ್ದರು, ಕೇಳುವವರು ಕೂತಲ್ಲಿಂದ ಎದ್ದುಬಿಡುತ್ತಿದ್ದರಂತೆ ಎಂದು ಮೇಷ್ಟ್ರು ಕಣ್ಣರಳಿಸಿ ಹೇಳುತ್ತಿದ್ದರು. ಅತ್ತೆ ಅದಕ್ಕೆ 'ಹಾಲು ಉಕ್ಕೋ ಜಾಗ' ಎಂದು ಹೆಸರಿಟ್ಟಿದ್ದಳು. ಆಮೇಲಿನ ಮೌನಕ್ಕೆ 'ಸ್ಟೌ ಆರಿಸಿದ್ದು'. "ಎಲ್ಲೇ, ಇನ್ನೊಂದ್ಸಲ ಹಾಲು ಉಕ್ಸು" ಎಂದು ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದಳು. ನಾನು ಹೇಳಿದಷ್ಟು ಸಲ ಉಕ್ಕಿಸುತ್ತಿದ್ದೆ.

ಈಗ ಎರಡನೆಯ ಹುಚ್ಚು. ನಮ್ಮ ನಾಲ್ಕು ಪಿಟೀಲುಗಳಲ್ಲಿ ಒಂದು ಗುಬ್ಬಿಯ ದನದ ಡಾಕ್ಟರದು.

ಐವತ್ತು ವರ್ಷ, ಕಡಬದವರು, ಹೆಂಡತಿ ತೀರಿಕೊಂಡು ಎಂಟು ವರ್ಷವಾಗಿತ್ತು, ಮಕ್ಕಳಿಲ್ಲ. ಭಾನುವಾರ ಗುಬ್ಬಿಯಿಂದ ಬುಲೆಟ್ಟಿನಲ್ಲಿ ಬೆನ್ನಿಗೆ ಪಿಟೀಲು ಕಟ್ಟಿಕೊಂಡು ಬರುತ್ತಿದ್ದರು. ಮೈಯಿಂದ ಫಿನಾಯಿಲಿನ ವಾಸನೆ. ಹಸುವಿನ ಗರ್ಭ ಪರೀಕ್ಷೆ ಮಾಡಿ ಮಾಡಿ ಬಲಗೈಗೆ ಎಂಥ ಹದ ಬಂದಿತ್ತೆಂದರೆ, ಒಂದೇ ಸ್ವರವನ್ನು ಬಿಲ್ಲಿನ ತುದಿಯಿಂದ ತುದಿಗೆ, ಸಣ್ಣಗೆ ಹುಟ್ಟಿಸಿ, ತುಂಬಿಸಿ, ಮತ್ತೆ ಸಣ್ಣಗೆ ಮಾಡಿ ಮುಗಿಸುವುದನ್ನು ಮೇಷ್ಟ್ರು ಕೂಡ ಬಾಯಿಬಿಟ್ಟು ಕೇಳುತ್ತಿದ್ದರು. ಆ ಕಾಲದವರು ಬಹಳ ಮೆಚ್ಚುತ್ತಿದ್ದ ವಿದ್ಯೆ ಅದು. ಮಾತು ಮಾತ್ರ ಕಡಿಮೆ. ಆಡಿದರೆ ದನದ್ದೇ.

"ನಿಧಾನದ್ದು ನುಡಿಸಿದ್ರೆ ಕಡಬದಲ್ಲಿ ನಮ್ಮ ಹಸ ಮೆಲುಕು ಹಾಕೋದು ನಿಲ್ಲಿಸ್ತದೆ ಮೇಡಂ. ಬೇಗದ್ದು ನುಡಿಸಿದ್ರೆ ಎದ್ದು ಆಚೆ ಹೋಗ್ತದೆ."

ನಿಧಾನದ ತುಣುಕಿನಲ್ಲಿ ಮುಂದೆ ಹಾಡುವುದು ನನ್ನ ಸೆಲ್ಲೊ, ಜತೆಗೆ ಇರುವುದು ಅವರ ಪಿಟೀಲು. ನಾನೊಂದು ನಿಟ್ಟುಸಿರು ಬಿಟ್ಟರೆ ಅದೇ ನಿಟ್ಟುಸಿರನ್ನು ಅವರು ಸ್ವಲ್ಪ ಮೇಲಿನಿಂದ ಹಿಂದಿರುಗಿಸಬೇಕು. ಒಂದು ಭಾನುವಾರ ನನ್ನ ಸ್ವರಗಳ ಹಾಳೆ ಬಿಚ್ಚಿ ನೋಡಿದರೆ, ನಾನು ತಪ್ಪುವ ಕಡೆಯಲ್ಲೆಲ್ಲ ಪೆನ್ಸಿಲಿನಲ್ಲಿ ಸಣ್ಣಗೆ 'ಅಯ್ಯೋ' ಎಂದು ಬರೆದಿತ್ತು. ಹದಿನೇಳು ಕಡೆ. ಗುಂಡಗೆ, ಡಾಕ್ಟರ ಕೈಬರಹವೆಂದು ಯಾರೂ ನಂಬದಷ್ಟು ಸ್ಪಷ್ಟವಾಗಿ. ನಾನು ತಲೆಯೆತ್ತಿದೆ. ಅವರು ತುಂಬ ಗಂಭೀರವಾಗಿ ಬಿಲ್ಲಿಗೆ ರಾಳ ತಿಕ್ಕುತ್ತಿದ್ದರು. ಕಿವಿ ಕೆಂಪಾಗಿತ್ತು.

ಅವತ್ತಿನಿಂದ ನಾನು ಕೆಟ್ಟೆ. ಬೋರ್ಡಿನ ಮೇಲೆ ಸೋಡಿಯಮ್ಮಿಗೂ ಕ್ಲೋರಿನ್ನಿಗೂ ಮಧ್ಯೆ ನಿಟ್ಟುಸಿರಿನ ಗೆರೆ ಎಳೆದೆ. ಎರಡನೇ ಬೆಂಚಿನ ಹುಡುಗಿ ಎದ್ದು, "ಮಿಸ್, ಇದು ಯಾವ ಬಾಂಡು?" ಎಂದು ಕೇಳಿದಳು. "ಸಿಲಬಸ್‌ನಲ್ಲಿ ಇಲ್ಲ, ಕೂತ್ಕೊ" ಎಂದೆ. ಸ್ಕೂಟರಿನಲ್ಲಿ ಮನೆ ದಾಟಿ ಮುಂದೆ ಹೋಗಿ ವಾಪಸು ಬಂದೆ. ಎಲ್ಲಿ ಬುಲೆಟ್ಟಿನ ಸದ್ದಾದರೂ ಪಾಠ ನಿಲ್ಲಿಸಿ ಕಿಟಕಿಯಾಚೆ ನೋಡುತ್ತಿದ್ದೆ. ಹದಿನೆಂಟಕ್ಕೆ ಆಗಬೇಕಾದದ್ದು ನಲವತ್ತಾರಕ್ಕೆ ಆದರೆ ಮಂಡಿನೋವಿನ ಜತೆಗೇ ಆಗುತ್ತದೆ, ಆದರೆ ಆಗುತ್ತದೆ. ನನಗೆ ಎಷ್ಟು ಖುಷಿಯಾಗಿತ್ತೆಂದರೆ ನಾಚಿಕೆಯಾಗುವಷ್ಟು.

"ಏನೇ, ಸಾರಿಗೆ ಉಪ್ಪು ಎರಡ್ಸಲ ಹಾಕಿದ್ಯಾ?" ಎಂದಳು ಅತ್ತೆ. ಉಪ್ಪುಪ್ಪಾದ ಸಾರನ್ನೇ ಉಂಡು ಎದ್ದಳು.

ಹೇಳಬೇಕಾದದ್ದನ್ನು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಇಂಥದ್ದನ್ನು ಬಾಯಿಬಿಟ್ಟು ಹೇಳಿದವರಲ್ಲ. ಊಟ ಆಯ್ತಾ ಎಂದು ಕೇಳುತ್ತೇವೆ, ಸ್ವೆಟರ್ ಹಾಕ್ಕೊ ಎನ್ನುತ್ತೇವೆ, ಅದರಲ್ಲೇ ಎಲ್ಲ ಬಂತು. ನನ್ನನ್ನು ಸಾಕಿದ ಅತ್ತೆಗೇ ನಾನು ನೀನೆಂದರೆ ಇಷ್ಟ ಎಂದು ಒಂದು ದಿನವೂ ಹೇಳಿಲ್ಲ. ಹೀಗಿರುವಾಗ ಗುಬ್ಬಿಯ ಡಾಕ್ಟರಿಗೆ ಹೇಗೆ ಹೇಳುವುದು? ನಿಧಾನವಾಗಿ ಹೇಳಿದರಾಯಿತು, ವರ್ಷಗಟ್ಟಲೆ ಭಾನುವಾರಗಳಿವೆ ಎಂದುಕೊಂಡು ಸುಮ್ಮನಿದ್ದೆ.

ಅಷ್ಟರಲ್ಲಿ ಡಾಕ್ಟರಿಗೆ ಹಾವೇರಿ ಜಿಲ್ಲೆಗೆ ವರ್ಗವಾಯಿತು. ಒಂದು ಭಾನುವಾರ ಇಡ್ಲಿ ತಿನ್ನುತ್ತಾ, "ಮುಂದಿನ ತಿಂಗಳು ಒಂದನೇ ತಾರೀಕು ರಿಪೋರ್ಟ್ ಮಾಡ್ಕೋಬೇಕು" ಎಂದರು. ನಾನು ಚಟ್ನಿಯ ಮೇಲೆ ಇನ್ನೊಮ್ಮೆ ಚಟ್ನಿ ಹಾಕಿಕೊಂಡೆ. ಹೊರಡುವ ಮುಂಚೆ ಅವರಿಗೆ ಒಂದು ಆಸೆಯಿತ್ತು. ಅವರ ಅಣ್ಣನ ಮಗಳ ಮದುವೆ ಕುಣಿಗಲ್ಲಿನಲ್ಲಿ, ಗಂಡಿನ ಕಡೆಯವರು ಅಮೃತೂರಿನವರು. ಮುಹೂರ್ತಕ್ಕೆ ಸ್ವಲ್ಪ ಮುಂಚೆ ನಮ್ಮ ಆರ್ಕೆಸ್ಟ್ರಾ ನುಡಿಸಬೇಕು. ಮೇಷ್ಟ್ರು ಎರಡು ತುಣುಕು ಆರಿಸಿದರು, ಮೊದಲು ನಿಧಾನದ್ದು, ಆಮೇಲೆ ಹಾಲು ಉಕ್ಕುವುದು.

ನಾನು ತೀರ್ಮಾನ ಮಾಡಿದೆ. ಬಾಯಿ ಬರದಿದ್ದರೆ ಬಿಲ್ಲು ಇದೆ. ಆ ನಿಧಾನದ ತುಣುಕನ್ನು ಅವರಿಗೆಂದೇ ನುಡಿಸುತ್ತೇನೆ, ಎಲ್ಲವನ್ನೂ ಅದರಲ್ಲೇ ಇಡುತ್ತೇನೆ. ಅರ್ಥವಾದರೆ ಆಯಿತು. ಆಗದಿದ್ದರೆ ಡಾಕ್ಟರು ಹಾವೇರಿಗೆ, ನಾನು ಉಪ್ಪಾರಹಳ್ಳಿಗೆ.

ಮದುವೆಯ ದಿನ ಅತ್ತೆಯೂ ಬಂದಳು. ಮದುವೆಮನೆಗಳಲ್ಲಿ ಅತ್ತೆಯದೊಂದು ಪದ್ಧತಿ ಇದೆ, ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಗಂಡ ಇಲ್ಲದವಳು ತಾನು ಎಂದು ಯಾವಾಗಲೂ ಹಿಂದಿನ ಸಾಲಿನಲ್ಲಿ ಕೂರುತ್ತಾಳೆ. ಅಕ್ಷತೆಯ ತಟ್ಟೆ ಬಂದರೆ ಬೇಡ ಎನ್ನುವುದಿಲ್ಲ, ತೆಗೆದುಕೊಂಡು ನನ್ನ ಅಂಗೈಗೆ ಸುರಿಯುತ್ತಾಳೆ. "ನನ್ ಪಾಲಿಂದೂ ನೀನೇ ಹಾಕು." ನನಗೆ ಬುದ್ಧಿ ಬಂದಾಗಿನಿಂದ ಇದೇ. ಎಷ್ಟು ಜಗಳವಾಡಿದ್ದೇನೆ, ಯಾವ ಕಾಲದಲ್ಲಿ ಇದೀಯ ಎಂದು ಎಷ್ಟು ರೇಗಿದ್ದೇನೆ. "ಬುಡು ಕಣೇ, ನೀನ್ ಹಾಕಿದ್ರೂ ಒಂದೇ, ನಾನ್ ಹಾಕಿದ್ರೂ ಒಂದೇ" ಎನ್ನುತ್ತಾಳೆ. ಒಂದೇ ಆಗಿದ್ದರೆ ನೀನೇ ಹಾಕಬಹುದಲ್ಲ ಎಂದರೆ ತಟ್ಟೆಯನ್ನು ಪಕ್ಕದವರಿಗೆ ದಾಟಿಸಿಬಿಡುತ್ತಾಳೆ.

ಆದರೆ ಕುಣಿಗಲ್ಲಿನಲ್ಲಿ ಅತ್ತೆ ಮುಂದಿನ ಸಾಲಿನಲ್ಲೇ ಕೂತಳು, ತೆಂಗಿನಕಾಯಿ ಸಿಪ್ಪೆಯ ಸಲುವಾಗಿ. ಅದನ್ನು ಚೀಲದಲ್ಲಿ ಹಾಕಿಕೊಂಡು ತಂದಿದ್ದಳು, ಜೋಪಾನವಾಗಿ ಸೆಲ್ಲೊ ಮೊಳೆಯ ಕೆಳಗಿಟ್ಟಳು, "ಜಾರಿದ್ರೆ ಹಿಡ್ಕೊಳ್ಳೋಕೆ ಯಾರಾದ್ರೂ ಇರ್ಬೇಕಲ್ಲ" ಎಂದು ನನ್ನಿಂದ ಆರಡಿ ದೂರದ ಕುರ್ಚಿಯಲ್ಲಿ ಕೂತುಬಿಟ್ಟಳು. ನಾವು ಕೂತಿದ್ದು ವೇದಿಕೆಯ ಕೆಳಗೆ, ಜನರ ಎದುರಿಗೆ. ವಾಲಗದವರು ನಮ್ಮನ್ನೊಮ್ಮೆ ಅಳೆದು ನೋಡಿ, "ನೀವು ನಡ್ಸಿ ಸಾರ್, ನಾವ್ ತಿಂಡಿ ಮುಗಿಸ್ಕೊಂಡ್ ಬತ್ತೀವಿ" ಎಂದು ಊಟದ ಹಾಲಿಗೆ ಹೋದರು.

ನಿಧಾನದ ತುಣುಕು ಶುರುವಾಯಿತು. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ನುಡಿಸಿಲ್ಲ. ಹದಿನೇಳು ನಿಟ್ಟುಸಿರೂ ಹದಿನೇಳು ಬಗೆಯಾಗಿ ಬಂದವು. ನೆಟ್ಟಗೆ ಕೂತು, ಕಣ್ಣಲ್ಲಿ ನೀರು ತುಂಬಿಕೊಂಡು, ಹಾಳೆ ಕಾಣದೆ ನುಡಿಸಿದೆ. ಮುಗಿಸಿ ಡಾಕ್ಟರ ಕಡೆ ತಿರುಗಿದರೆ ಅವರು ತಂತಿಗೆ ಶ್ರುತಿ ಮಾಡುತ್ತಿದ್ದರು. "ಎ ತಂತಿ ಸ್ವಲ್ಪ ಇಳ್ದಿದೆ ಅಲ್ವಾ ಮೇಡಂ" ಎಂದರು. ಅಷ್ಟೆ. ಆರನೇ ಸಾಲಿನಲ್ಲಿ ಯಾರೋ ಫೋನಿನಲ್ಲಿ ಕೊಬ್ಬರಿ ರೇಟು ಕೇಳುತ್ತಿದ್ದರು.

ನನ್ನ ಎದೆ ಹಾಸುಗಲ್ಲಿಗೆ ಬಿದ್ದ ತಟ್ಟೆಯಂತೆ ಸದ್ದು ಮಾಡಿತು. ಅಷ್ಟರಲ್ಲಿ ಮೇಷ್ಟ್ರು ಕೈಯೆತ್ತಿದರು. ವೇಗದ ತುಣುಕು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಮುಹೂರ್ತವನ್ನು ಯಾರೂ ಕಣ್ಣಿನಿಂದ ನೋಡುವುದಿಲ್ಲ. ನೋಡಲು ಆಗುವುದೇ ಇಲ್ಲ, ವೇದಿಕೆಯ ತುಂಬ ವಿಡಿಯೋದವರ ಬೆನ್ನು, ನೆಂಟರ ಬೆನ್ನು. ಜನ ಕಿವಿಯಿಂದಲೇ ಮುಹೂರ್ತ ನೋಡುತ್ತಾರೆ. ಪುರೋಹಿತರು ಬೆರಳೆತ್ತಿ ಆಡಿಸಿದ ತಕ್ಷಣ ವಾಲಗದವರು ಗಟ್ಟಿಮೇಳ ಹಿಡಿಯುತ್ತಾರೆ, ಡೋಲು ನಾದಸ್ವರ ಎರಡೂ ಬಿರುಸಾಗಿ ಜೋರಾಗಿ ಏರುತ್ತವೆ, ಅಪಶಕುನದ ಒಂದು ಮಾತೂ ಕಿವಿಗೆ ಬೀಳಬಾರದೆಂದು. ಆ ಸದ್ದು ಕೇಳಿದರೆ ತಾಳಿ ಕಟ್ಟಿದರು ಎಂದೇ ಅರ್ಥ. ಎದ್ದು ನಿಂತು, ಕೈಯಲ್ಲಿರುವ ಅಕ್ಷತೆಯನ್ನು ವೇದಿಕೆಯ ದಿಕ್ಕಿಗೆ ಎಸೆದು, ನೇರ ಊಟಕ್ಕೆ ಓಡುವುದು. ಹುಟ್ಟಿದಾಗಿನಿಂದ ಆಗಿರುವ ಅಭ್ಯಾಸ.

ಅವತ್ತು ಅಕ್ಷತೆಯನ್ನು ಆಗಲೇ ಹಂಚಿ ಆಗಿತ್ತು. ಗಂಡು ಇನ್ನೂ ಡ್ರೆಸ್ಸಿಂಗ್ ರೂಮಿನಲ್ಲಿ ಪೇಟ ಕಟ್ಟಿಸಿಕೊಳ್ಳುತ್ತಿದ್ದ.

ನನ್ನ ಕೆಳಗಿನ ತಂತಿಯಲ್ಲಿ ಗುಡುಗುಡು ಹುಟ್ಟಿತು. ಪಿಟೀಲುಗಳು ಸೇರಿದವು. ಒಂದು ಮೆಟ್ಟಿಲು, ಎರಡು, ಮೂರು. ನನಗೆ ಸಿಟ್ಟು, ಸಂಕಟ, ಖುಷಿ ಎಲ್ಲ ಒಟ್ಟಿಗೆ ಏರುತ್ತಿತ್ತು. ಹಾಲು ಉಕ್ಕುವ ಜಾಗ ಬಂತು ಎನ್ನುವಷ್ಟರಲ್ಲಿ ನನ್ನ ಎಡಗೆನ್ನೆಗೆ ಪಟಪಟನೆ ಏನೋ ಬಡಿಯಿತು. ಅಕ್ಷತೆ. ಆಮೇಲೆ ಮಳೆಯೇ. ಇಡೀ ಛತ್ರ ಎದ್ದು ನಿಂತಿತ್ತು, ಆರು ನೂರು ಕೈಗಳು ಒಟ್ಟಿಗೆ ಬೀಸಿದ್ದವು, ವೇದಿಕೆಯಲ್ಲಿ ಯಾರೂ ಇಲ್ಲದ್ದರಿಂದ ಎಲ್ಲವೂ ನಮ್ಮ ಮೇಲೆಯೇ ಬಿತ್ತು. ಅರಿಶಿನದ ಅಕ್ಕಿ ಸೆಲ್ಲೊದ ತೂತಿನೊಳಗೆ ಚಿಲಿಚಿಲಿ ಇಳಿಯಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡಿದ್ದರು, ಜರ್ಮನಿಯವರಿಗೂ ಸಿಗದ ಮರ್ಯಾದೆ ಇದು ಎಂದುಕೊಂಡರೋ ಏನೋ, ಇನ್ನೂ ಜೋರು ಇನ್ನೂ ಜೋರು ಎಂದು ಕೈ ಮಾಡುತ್ತಲೇ ಇದ್ದರು.

ಪುರೋಹಿತರು ಗಾಬರಿಯಿಂದ ವೇದಿಕೆಗೆ ಓಡಿ ಬಂದರು. "ಇನ್ನೂ ಇಲ್ಲ, ಇನ್ನೂ ಇಲ್ಲ" ಎಂದು ಬೆರಳೆತ್ತಿ ಆಡಿಸಿದರು.

ಊಟದ ಹಾಲಿನ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ವಾಲಗದವರಿಗೆ ಮಾತು ಕೇಳಿಸಲಿಲ್ಲ, ಬೆರಳು ಕಂಡಿತು. ಪಾಪ, ಅವರಿಗೆ ಗೊತ್ತಿದ್ದ ಅರ್ಥ ಒಂದೇ. ಲೋಟ ಕೆಳಗಿಟ್ಟು ಓಡಿ ಬಂದು ಗಟ್ಟಿಮೇಳ ಹಿಡಿದೇಬಿಟ್ಟರು. ಡೋಲು ನನ್ನ ಕಿವಿಯಿಂದ ಮೂರಡಿ ದೂರ. ಈಗ ನಿಜವಾದ ಗಟ್ಟಿಮೇಳ, ನಿಜವಾದ ಅಕ್ಷತೆ, ನಡುವೆ ನಾನು ಮತ್ತು ಗುಬ್ಬಿಯ ಡಾಕ್ಟರು. ಅವರ ಕನ್ನಡಕದ ಮೇಲೆ ಅಕ್ಕಿ, ಮೀಸೆಯಲ್ಲಿ ಅಕ್ಕಿ, ಪಿಟೀಲಿನ ಮೇಲೆ ಅಕ್ಕಿ. ನನ್ನನ್ನು ನೋಡಿದರು. ನನಗೆ ಎಲ್ಲಿಂದಲೋ ನಗು ಉಕ್ಕಿ ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕೆ, ನಗುನಗುತ್ತಲೇ ಬಾಯಿಯೂ ಬಂದುಬಿಟ್ಟಿತು. ಯಾವ ಮಾತೂ ಯಾರಿಗೂ ಕೇಳಿಸದ ಸದ್ದು ಅದು. ಇಂಥ ಜಾಗ ಇನ್ನೆಲ್ಲಿ ಸಿಕ್ಕೀತು?

"ನೀವು ಹಾವೇರಿಗೆ ಹೋಗೋದು ನಂಗಿಷ್ಟ ಇಲ್ಲ. ನೀವು ನಂಗೆ ಬೇಕು" ಎಂದೆ.

ಡಾಕ್ಟರು ಕಿವಿಗೆ ಕೈ ಇಟ್ಟುಕೊಂಡು ಬಗ್ಗಿದರು. "ಏನಂದ್ರಿ ಮೇಡಂ?"

ನಾನು ಎದೆ ತುಂಬ ಉಸಿರೆಳೆದುಕೊಂಡು ಕೂಗಿದೆ. ಅದೇ ಗಳಿಗೆಗೆ ಪುರೋಹಿತರು ಡೋಲಿನವರ ಎರಡೂ ಕೈ ಹಿಡಿದುಕೊಂಡರು. ನಾದಸ್ವರ ನಿಂತಿತು, ಮೇಷ್ಟ್ರು ಕಣ್ಣು ಬಿಟ್ಟರು, ಪಿಟೀಲುಗಳು ನಿಂತವು. ಆ ಶತಮಾನದವರು ಕಷ್ಟಪಟ್ಟು ಬರೆಯುತ್ತಿದ್ದ ಮೌನ ಕುಣಿಗಲ್ಲಿನ ಛತ್ರದಲ್ಲಿ ತಾನಾಗಿ ಬಂತು. ಅದರ ನಟ್ಟನಡುವೆ ನನ್ನ ದನಿ.

"ನೀವು ನಂಗೆ ಬೇಕು ಅಂದೆ."

ಆರು ನೂರು ಜನ. ಮೂವತ್ತು ವರ್ಷ ಬಿಟ್ಟು ಸಿಕ್ಕಿದ್ದ ನನ್ನ ಸ್ಕೂಲಿನ ಗೆಳತಿಯೊಬ್ಬಳು ಮೂರನೇ ಸಾಲಿನಲ್ಲಿದ್ದಳು. ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳೂ ಇದ್ದರು. ನೆಲ ಬಾಯಿ ಬಿಡಲಿಲ್ಲ, ಕುಣಿಗಲ್ಲಿನ ನೆಲ ಬಲು ಗಟ್ಟಿ.

ಡಾಕ್ಟರು ಕನ್ನಡಕ ತೆಗೆದರು. ಪಂಚೆಯ ತುದಿಯಿಂದ ಅಕ್ಕಿ ಒರೆಸಿದರು. ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು.

"ನಂಗೂ ಅಷ್ಟೇ ಮೇಡಂ" ಎಂದರು. ಪಿಟೀಲಿನ ಮೇಲಿನ ಅಕ್ಕಿ ಊದಿ, "ಆದ್ರೆ ಆರ್ಡರ್ ಬಂದ್ಬಿಟ್ಟಿದೆಯಲ್ಲ" ಎಂದರು. ಛತ್ರದ ಆ ತುದಿಯಿಂದ ಯಾರೋ, "ಹಾವೇರಿ ಏನ್ ದೂರ ಅಲ್ಲ ಬುಡಿ ಡಾಕ್ಟ್ರೆ, ಟ್ರೇನ್ ಐತೆ" ಎಂದರು. ಜನ ಚಪ್ಪಾಳೆ ಹೊಡೆದರು. ಮೇಷ್ಟ್ರು ಅದು ಸಂಗೀತಕ್ಕೆಂದು ಬಗ್ಗಿ ನಮಸ್ಕಾರ ಮಾಡಿದರು.

ಅತ್ತೆ ಮಾತ್ರ ಚಪ್ಪಾಳೆ ಹೊಡೆಯಲಿಲ್ಲ. ಬಗ್ಗಿ ಸೆಲ್ಲೊದ ಕೆಳಗೆ ಸರಿದಿದ್ದ ತೆಂಗಿನ ಸಿಪ್ಪೆಯನ್ನು ಸರಿಮಾಡಿ, ಪಕ್ಕದವರಿಗೆ ಹೇಳಿದಂತೆ ಹೇಳಿದಳು. "ಅಕ್ಷತೆ ಬಿತ್ತು, ಗಟ್ಟಿಮೇಳ ಆಯ್ತು. ಇನ್ ಊಟ ಒಂದು ಬಾಕಿ."

ನಿಜವಾದ ವಧೂವರರಿಗೆ ಮತ್ತೆ ಅಕ್ಕಿಗೆ ಅರಿಶಿನ ಕಲಸಿ ಅಕ್ಷತೆ ಮಾಡಬೇಕಾಯಿತು. ಆ ಹುಡುಗಿ ಇವತ್ತಿಗೂ, "ನನ್ ಮದ್ವೇಲಿ ಚಿಕ್ಕಪ್ಪಂಗೆ ಮೊದ್ಲು ಆಗೋಯ್ತು" ಎಂದು ರೇಗಿಸುತ್ತಾಳೆ.

ನಾವು ಮದುವೆಯಾದದ್ದು ಗುಬ್ಬಿಯ ರಿಜಿಸ್ಟ್ರಾರ್ ಕಚೇರಿಯಲ್ಲಿ, ಸದ್ದುಗದ್ದಲ ಇಲ್ಲದೆ. ವಾಲಗ ಇಡೋಣವೇ ಎಂದಾಗ ಅತ್ತೆಯೇ ಬೇಡ ಎಂದಳು, ಅದು ಕುಣಿಗಲ್ಲಲ್ಲೇ ಆಗೋಗಿದೆ ಎಂದು. ಡಾಕ್ಟರು ಈಗ ಹಾವೇರಿ ಜಿಲ್ಲೆಯಲ್ಲಿ ಇದ್ದಾರೆ. ಹದಿನೈದು ದಿನಕ್ಕೊಮ್ಮೆ ಶನಿವಾರ ಟ್ರೇನಿನಲ್ಲಿ ಬರುತ್ತಾರೆ, ನಾನು ನಾಚಿಕೆಯಿಲ್ಲದೆ ಅರ್ಧ ಗಂಟೆ ಮುಂಚೆಯೇ ಸ್ಟೇಷನ್ನಿಗೆ ಹೋಗಿ ನಿಲ್ಲುತ್ತೇನೆ. ಅವರು ನನ್ನನ್ನು ಮೇಡಂ ಎನ್ನುವುದನ್ನು ಬಿಡಿಸಲು ಇನ್ನೂ ಆಗಿಲ್ಲ.

ಹೋದ ತಿಂಗಳು ಅವರ ಅಣ್ಣ ಮದುವೆಯ ವಿಡಿಯೋ ಪೆನ್‌ಡ್ರೈವಿನಲ್ಲಿ ಕೊಟ್ಟು ಕಳಿಸಿದರು. ನಾವಿಬ್ಬರೂ ಸೋಫಾದ ಮೇಲೆ ಕೂತು ನೋಡಿದೆವು. ಅತ್ತೆ ಅಡುಗೆಮನೆಯಲ್ಲಿದ್ದಳು. ಕ್ಯಾಮೆರಾ ವೇದಿಕೆಯ ಮೇಲಿನಿಂದ ಜನರ ಕಡೆ ತಿರುಗಿತ್ತು. ನಮ್ಮ ಬೆನ್ನುಗಳು, ನನ್ನ ಬಿಲ್ಲು, ಗುಡುಗುಡು ಏರುತ್ತಿದೆ. ಜನರೆಲ್ಲ ಕೂತೇ ಇದ್ದಾರೆ, ಹರಟುತ್ತಿದ್ದಾರೆ, ಯಾರಿಗೂ ಏನೂ ಅನ್ನಿಸಿಲ್ಲ. ಆಗ ಮುಂದಿನ ಸಾಲಿನಲ್ಲಿ ಒಬ್ಬಳೇ ಒಬ್ಬಳು ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಮುಷ್ಟಿ ಬಿಚ್ಚಿ ಒಮ್ಮೆ ಅಕ್ಷತೆ ನೋಡಿಕೊಂಡಳು. ಆಮೇಲೆ ಗುರಿಯಿಟ್ಟು, ಸರಿಯಾಗಿ ನನ್ನ ಮತ್ತು ಡಾಕ್ಟರ ಮೇಲೆ ಎಸೆದಳು. ಅವಳನ್ನು ನೋಡಿ ಪಕ್ಕದವರು ಎದ್ದರು, ಅವರನ್ನು ನೋಡಿ ಹಿಂದಿನವರು.

ಡಾಕ್ಟರು ರಿಮೋಟು ಒತ್ತಿ ಹಿಂದಕ್ಕೆ ಹಾಕಿ ಇನ್ನೊಮ್ಮೆ ತೋರಿಸಿದರು. ನಾನು ಎದ್ದು ಅಡುಗೆಮನೆಗೆ ಹೋದೆ. ಅತ್ತೆ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದಳು.

"ಅತ್ತೆ, ಅವತ್ತು ಕುಣಿಗಲ್ಲಲ್ಲಿ ಗಟ್ಟಿಮೇಳ ಅಂದ್ಕೊಂಡ್ಯಾ?"

"ಗಟ್ಟಿಮೇಳ ಎಲ್ಲಿತ್ತು? ಅದು ಹಾಲು ಉಕ್ಕೋ ಜಾಗ ಅಲ್ವೇನೇ."

"ಮತ್ತೆ ಯಾಕ್ ಹಾಕ್ದೆ?"

ಅತ್ತೆ ತಲೆಯೆತ್ತಲಿಲ್ಲ. ಕಡ್ಡಿ ಒಂದು ಕಡೆಗೆ, ಎಲೆ ಒಂದು ಕಡೆಗೆ ಹಾಕುತ್ತಲೇ ಹೇಳಿದಳು. "ನಿನ್ ಕೈ ಎರಡೂ ತುಂಬಿತ್ತು. ನನ್ ಪಾಲಿಂದು ಹಾಕೋರು ಇನ್ಯಾರಿದ್ರು?"

ನಾನು ನೆಲದ ಮೇಲೆ ಅವಳ ಪಕ್ಕ ಕೂತೆ. ಈ ಸಲ ಬಾಯಿ ಬಂತು. "ಅತ್ತೆ, ನೀನಂದ್ರೆ ನಂಗೆ ಪ್ರಾಣ ಕಣೇ" ಎಂದೆ.

"ಗೊತ್ತು ಬುಡು" ಎಂದು ಅತ್ತೆ ಅರ್ಧ ಕಂತೆ ಸೊಪ್ಪನ್ನು ನನ್ನ ಅಂಗೈಗೆ ಹಾಕಿದಳು.